ಎರಡು ಮೇಜು, ನಾಲ್ಕು ವಸ್ತು

ಬೀಗ, ಬಾಚಣಿಗೆ, ನಿಂಬೆಹಣ್ಣು, ಡಸ್ಟರು. ಮೇಡಂ ಈ ನಾಲ್ಕನ್ನು ಕರಿಹಲಗೆಯ ಕೆಳಗಿನ ಮೇಜಿನ ಮೇಲೆ ಒಂದು ಸಾಲಿನಲ್ಲಿ ಇಟ್ಟರು. ಒಬ್ಬೊಬ್ಬರಾಗಿ ಹೋಗಿ ಸಾಲನ್ನು ನೋಡಬೇಕು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಲ್ಲಬೇಕು. ಆಮೇಲೆ ಬೆನ್ನ ಹಿಂದಿರುವ ಇನ್ನೊಂದು ಮೇಜಿನ ಕಡೆ ತಿರುಗಿ, ಅಲ್ಲಿ ಗುಡ್ಡೆ ಹಾಕಿರುವ ಅಂಥವೇ ನಾಲ್ಕು ವಸ್ತುಗಳನ್ನು ನೋಡಿದ ಹಾಗೆಯೇ ಜೋಡಿಸಬೇಕು. ನೆನಪಿನ ಪಾಠ ಶುರುವಾಗುವ ಮುನ್ನ ಮೈ ಬಿಸಿ ಮಾಡಿಕೊಳ್ಳಲು ಇದೊಂದು ಆಟ ಎಂದು ಮೇಡಂ ಹೇಳಿದರು. ನಾಲ್ಕೇ ವಸ್ತು, ಇದನ್ನು ಯಾರು ತಪ್ಪುತ್ತಾರೆ ಎಂದು ನಾವೆಲ್ಲ ನಕ್ಕೆವು.

ತಪ್ಪಿದ್ದು ನನ್ನ ಜೊತೆಗಾತಿ ಒಬ್ಬಳೇ.

ಆಗ ನಾನು ತಿಪಟೂರಿನ ಒಂದು ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷದಲ್ಲಿದ್ದೆ. ಪತ್ರಿಕೋದ್ಯಮ ಮುಖ್ಯ ವಿಷಯ. ಜೊತೆಗೆ ಇನ್ನೊಂದು ವಿಷಯವನ್ನು ನಾವೇ ಆರಿಸಿಕೊಳ್ಳಬೇಕಿತ್ತು. ‘ಸಂಜ್ಞಾನಾತ್ಮಕ ಮನೋವಿಜ್ಞಾನ: ಒಂದು ಪರಿಚಯ’ ಎಂಬ ಹೆಸರು ಸೂಚನಾ ಫಲಕದಲ್ಲಿ ಕಂಡಿತು. ಅರ್ಥವಾಗದ ಹೆಸರಿನ ಮೇಲೆ ನನಗೆ ಮೊದಲಿಂದಲೂ ಕುತೂಹಲ, ಸೇರಿಕೊಂಡೆ. ಇಂಗ್ಲಿಷಿನಲ್ಲಿ ಇದನ್ನು ಕಾಗ್ನಿಟಿವ್ ಎನ್ನುತ್ತಾರೆ ಎಂದು ತಿಳಿದ ಹುಡುಗರು ಎರಡೇ ದಿನದಲ್ಲಿ ‘ಕಾಗೆ ಕ್ಲಾಸು’ ಎಂದು ಕರೆದರು. ಮನೆಯಲ್ಲಿ ಹೇಳಿದಾಗ ಅಪ್ಪ ತಟ್ಟೆಯಿಂದ ತಲೆ ಎತ್ತದೆ, "ಮನಸ್ಸು ಓದೋದಾದ್ರೆ ಮೊದ್ಲು ನಿಮ್ಮಮ್ಮನ ಮನಸ್ಸಲ್ಲಿ ಏನೈತೆ ಓದಮ್ಮ. ಸಾರಿಗೆ ಯಾಕೆ ಉಪ್ಪು ಹಾಕಿಲ್ಲ ಅಂತ ಗೊತ್ತಾಗ್ಲಿ" ಎಂದರು.

ಪಾಠ ಹೇಳುತ್ತಿದ್ದ ಮೇಡಂ ಅರಸೀಕೆರೆಯಿಂದ ರೈಲಿನಲ್ಲಿ ಬಂದು ಹೋಗುತ್ತಿದ್ದ ಅತಿಥಿ ಉಪನ್ಯಾಸಕಿ. ವಯಸ್ಸಿನಲ್ಲಿ ನಮಗಿಂತ ತುಂಬಾ ದೊಡ್ಡವರಲ್ಲ. ಕೈಚೀಲದಲ್ಲಿ ಪುಸ್ತಕಕ್ಕಿಂತ ಹೆಚ್ಚಾಗಿ ಸಾಮಾನು ಇರುತ್ತಿತ್ತು: ಬಣ್ಣದ ಕಾಗದ, ರಬ್ಬರ್ ಬ್ಯಾಂಡ್, ಗಂಟೆ, ಒಮ್ಮೆ ಒಂದು ಹಿಡಿ ಹುಣಸೆಬೀಜ. ಮೊದಲ ವಾರವೇ ಒಂದು ಹಾಳೆಯ ಮೇಲೆ ಗುಣಿಸುವ ಗುರುತು ಮತ್ತು ಒಂದು ಚುಕ್ಕೆ ಬರೆಸಿ, ಒಂದು ಕಣ್ಣು ಮುಚ್ಚಿಕೊಂಡು ಗುರುತನ್ನೇ ನೋಡುತ್ತಾ ಹಾಳೆಯನ್ನು ನಿಧಾನವಾಗಿ ಹತ್ತಿರ ತರಲು ಹೇಳಿದರು. ಒಂದು ಹಂತದಲ್ಲಿ ಚುಕ್ಕೆ ಮಾಯವಾಯಿತು. ಇಡೀ ತರಗತಿ ಒಂದೇ ಸಲ ಕೂಗಿತು. ಪಕ್ಕದ ಕೊಠಡಿಯ ಅರ್ಥಶಾಸ್ತ್ರದ ಮೇಷ್ಟ್ರು ಬಂದು ಬಾಗಿಲಲ್ಲಿ ನಿಂತರು. ಮೇಡಂ ಅವರ ಕೈಗೂ ಒಂದು ಹಾಳೆ ಕೊಟ್ಟರು. ಅವರೂ "ಅರೆ!" ಎಂದರು.

ಇನ್ನೊಂದು ದಿನ ಪಾಠದ ನಡುವೆ ಕಾಲೇಜಿನ ಅಟೆಂಡರ್ ಓಡಿಬಂದು ಮೇಡಂ ಅವರ ಕೈಚೀಲ ಎತ್ತಿಕೊಂಡು ಓಡಿಹೋದರು. ನಾವು ಎದ್ದು ನಿಲ್ಲುವಷ್ಟರಲ್ಲಿ ಮೇಡಂ ಕೈ ತೋರಿಸಿ, "ಕೂತ್ಕೊಳ್ಳಿ. ಏನು ನೋಡಿದ್ರೋ ಬರೀರಿ" ಎಂದರು. ಪತ್ರಿಕೋದ್ಯಮದವಳು ಎಂಬ ಹೆಮ್ಮೆಯಿಂದ ನಾನು ಅಂಗಿಯ ಬಣ್ಣ, ಹಿಡಿದ ಕೈ, ಹೊರಟ ದಿಕ್ಕು ಎಲ್ಲವನ್ನೂ ಬರೆದೆ. ಅಂಗಿಯ ಬಣ್ಣ ತಪ್ಪಾಗಿತ್ತು. ಅಟೆಂಡರ್ ದಿನಾ ಹಾಕುತ್ತಿದ್ದ ನೀಲಿ ಅಂಗಿಯನ್ನು ನಾನು ಬರೆದಿದ್ದೆ. ಅವತ್ತು ಅವರು ತೊಟ್ಟಿದ್ದು ಬಿಳಿ. ಕಣ್ಣಿಂದ ಕಂಡೆ ಎಂದು ನಾನು ಆಣೆ ಇಡಬಹುದಾಗಿದ್ದದ್ದು ನಿಜಕ್ಕೂ ಕಂಡದ್ದಲ್ಲ, ಬರೀ ಅಭ್ಯಾಸ. ಬೇಸರವಾಗಬೇಕಿತ್ತು. ಆಗಲಿಲ್ಲ, ಬಸ್ ನಿಲ್ದಾಣದವರೆಗೂ ಅದನ್ನೇ ಮಾತಾಡಿಕೊಂಡು ಹೋದೆವು, ನಾನು ಮತ್ತು ನನ್ನ ಜೊತೆಗಾತಿ.

ಅವಳು ಬಿಳಿಗೆರೆಯವಳು. ಹಾಜರಿಯಲ್ಲಿ ಅವಳ ನಂತರದ ಸಂಖ್ಯೆ ನನ್ನದು, ಹಾಗಾಗಿ ಪ್ರಾಯೋಗಿಕ ಕೆಲಸಕ್ಕೆಲ್ಲ ನಾವಿಬ್ಬರೂ ಜೋಡಿ. ತರಗತಿಯಲ್ಲಿ ಅತಿ ಹೆಚ್ಚು ಪ್ರಶ್ನೆ ಕೇಳುತ್ತಿದ್ದವಳು ಅವಳೇ. ಚುಕ್ಕೆ ಮಾಯವಾದ ದಿನ, "ಅಲ್ಲಿ ಏನೂ ಇಲ್ದಿದ್ರೆ ಮಿದುಳು ಬಿಳೀ ಹಾಳೇನ ಎಲ್ಲಿಂದ ತಂದು ತುಂಬ್ತು ಮೇಡಂ?" ಎಂದು ಕೇಳಿ ಮೇಡಂ ಬಾಯಲ್ಲಿ "ಶಭಾಷ್" ಅನ್ನಿಸಿಕೊಂಡಿದ್ದಳು. ಮುಂದೆ ಇದರಲ್ಲೇ ಎಂ.ಎ. ಮಾಡುವ ಮಾತಾಡುತ್ತಿದ್ದಳು. "ಇದೊಂದು ಕ್ಲಾಸಿಗೋಸ್ಕರ ಆ ಬಸ್ಸಲ್ಲಿ ಒಂಟಿಕಾಲಲ್ಲಿ ನಿಂತ್ಕಂಡ್ ಬತ್ತೀನಿ ಕಣೇ" ಎನ್ನುತ್ತಿದ್ದಳು.

ನಾಲ್ಕು ವಸ್ತುಗಳ ಆಟ ನಡೆದ ಮಂಗಳವಾರ ಅವಳು ಬಸ್ ಪಾಸಿಗೆ ಮುದ್ರೆ ಹಾಕಿಸಲು ಕೆಳಗೆ ಆಫೀಸಿಗೆ ಹೋಗಿದ್ದಳು. ನಾವೆಲ್ಲ ಒಬ್ಬರು ಮಾಡುವುದನ್ನು ಒಬ್ಬರು ನೋಡುತ್ತಾ ಮುಗಿಸಿದ ಮೇಲೆ ಬಂದಳು. ಮೇಡಂ ನಿಯಮ ಹೇಳಿದರು. ಅವಳು ಸಾಲನ್ನು ನೋಡಿದಳು, ಕಣ್ಣು ಮುಚ್ಚಿದಳು, ತಿರುಗಿದಳು, ಚಕಚಕನೆ ಜೋಡಿಸಿದಳು. ಡಸ್ಟರು, ನಿಂಬೆಹಣ್ಣು, ಬಾಚಣಿಗೆ, ಬೀಗ. ಪೂರ್ತಿ ತಿರುವುಮುರುವು.

ಹಿಂದಿನ ಬೆಂಚಿನಲ್ಲಿ ಕಿಸಿಕಿಸಿ ಶುರುವಾಯಿತು. ಮೇಡಂ ವಸ್ತುಗಳ ಕ್ರಮ ಬದಲಿಸಿ ಇನ್ನೊಮ್ಮೆ ಮಾಡಿಸಿದರು. ಮತ್ತೆ ತಿರುವುಮುರುವು. ಮತ್ತೊಮ್ಮೆ. ಅದೂ ಹಾಗೆಯೇ. ಅವಳ ಕೈಯಲ್ಲಿ ಅನುಮಾನವೇ ಇರಲಿಲ್ಲ. ಸರಿಯಾಗಿ ಮಾಡಿದೆ ಎಂಬ ಮುಖದಲ್ಲಿ ನಿಂತಿದ್ದವಳು ನಮ್ಮ ನಗು ಕೇಳಿ ಪೆಚ್ಚಾದಳು.

"ಏನಮ್ಮಾ, ಬೆಳಗ್ಗೆ ತಿಂಡಿಗೆ ಕನ್ನಡಿ ನುಂಗ್ಕಂಡ್ ಬಂದಿದ್ದೀಯಾ?" ಎಂದ ನಮ್ಮ ತರಗತಿಯ ಬಾಯಾಳಿ. ತಿಪಟೂರು ಪೇಟೆಯವನು, ಅವನಿಗೆ ಯಾವ ಸಂದರ್ಭವೂ ಖಾಲಿ ಹೋಗಬಾರದು.

ಮೇಡಂ ಅವನನ್ನು ಗದರಿದರು. ಆಮೇಲೆ ಅವಳ ಕಡೆ ತಿರುಗಿ ಮೃದುವಾಗಿ, "ಪರವಾಗಿಲ್ಲ ಬಿಡು" ಎಂದರು. ಗದರಿಕೆಗಿಂತ ಆ ಮೃದು ಮಾತೇ ಅವಳಿಗೆ ಹೆಚ್ಚು ತಾಗಿತು ಎಂದು ನನಗೆ ಗೊತ್ತಾದದ್ದು ಸಂಜೆ, ಬಸ್ ನಿಲ್ದಾಣದಲ್ಲಿ.

"ನಾನ್ ಈ ಸಬ್ಜೆಕ್ಟ್ ಬುಡ್ತೀನಿ ಕಣೇ."

"ಒಂದು ಆಟಕ್ಕಾ?"

"ಆಟ ಅಲ್ಲ. ನನಗೆ ಮೊದ್ಲಿಂದ್ಲೂ ಹಿಂಗೇ. ಸ್ಕೂಲಲ್ಲಿ ಡ್ರಿಲ್ ಮಾಡ್ಸೋವಾಗ ಎಲ್ರೂ ಎಡಕ್ಕೆ ತಿರುಗಿದ್ರೆ ನಾನೊಬ್ಳು ಬಲಕ್ಕೆ. ‘ತಲೇಲಿ ಏನ್ ತುಂಬ್ಕಂಡಿದ್ದೀಯಾ, ತೆಂಗಿನ ನಾರಾ’ ಅಂತಿದ್ರು ಪೀಟಿ ಮೇಷ್ಟ್ರು. ನಾಳೆ ಇನ್ನೊಬ್ರ ನೆನಪು ಪರೀಕ್ಷೆ ಮಾಡೋಳು ನಾನು, ನಾಲ್ಕ್ ಸಾಮಾನು ನೆನಪಿಟ್ಕಳಕ್ಕೆ ಆಗಲ್ಲ ಅಂದ್ರೆ ಯಾವ ಎಂ.ಎ. ಮಾಡ್ಲಿ? ಕಂಪ್ಯೂಟರ್ ತಗೋತೀನಿ. ಬದಲಾಯಿಸ್ಕಳಕ್ಕೆ ಶನಿವಾರ ಕೊನೇ ದಿನ."

ಬಸ್ಸು ಬಂತು. ಹತ್ತಿ ಹೋದಳು. ಬುಧವಾರ ತರಗತಿಗೆ ಬರಲಿಲ್ಲ.

ಗುರುವಾರ ಮಧ್ಯಾಹ್ನ ನಮಗೆ ಪಾಠ ಇರಲಿಲ್ಲ. ಫೋನ್ ಮಾಡಿದೆ. "ಊಟಕ್ಕೆ ಬಾ. ಆದ್ರೆ ಆ ಮಾತು ಮಾತ್ರ ತೆಗೀಬೇಡ" ಎಂದಳು. ನಾನು ಹೋದದ್ದು ಆ ಮಾತು ತೆಗೆಯುವುದಕ್ಕೇ.

ಬಿಳಿಗೆರೆಯ ಅವರ ಮನೆ ತೋಟಕ್ಕೆ ಅಂಟಿಕೊಂಡೇ ಇದೆ. ಅಟ್ಟದ ತುಂಬ ಕೊಬ್ಬರಿಗೆಂದು ಒಣಗಲು ಬಿಟ್ಟ ಕಾಯಿ. ಕೆಳಗೆ ಅಡುಗೆಮನೆ ತಂಪು, ಮಬ್ಬು ಬೆಳಕು. ನೆಲದ ಮೇಲೆ ಸಾಲಾಗಿ ಕೂತೆವು. ಅವಳ ಅಜ್ಜಿ ನನ್ನ ತಟ್ಟೆಗೆ ಮುದ್ದೆ ಹಾಕಿ ಹುರುಳಿಕಾಳಿನ ಸಾರು ಬಿಟ್ಟರು.

"ಉಪ್ಪು ಕಮ್ಮಿ ಆದ್ರೆ ನಿನ್ ಮೂಡ್ಲಾಗೆ ಐತೆ ನೋಡವ್ವ, ಹಾಕ್ಕೋ."

ನಾನು ಬಲಗಡೆ ನೋಡಿದೆ. ಅಲ್ಲಿ ನೀರಿನ ಚೊಂಬು ಇತ್ತು.

"ಅದು ಪಡುವ್ಲು ಕಣವ್ವ!" ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕರು. "ಪ್ಯಾಟೆ ಮಕ್ಕಳು ಸೂರ್ಯನ್ನ ನೋಡಿದ್ರೆ ತಾನೇ."

"ಅಡಿಗೆಮನೇಲಿ ಸೂರ್ಯ ಎಲ್ಲಿದ್ದಾನೆ ಅಜ್ಜಿ?" ಎಂದೆ.

"ಅವ್ನು ಕಾಣದಿದ್ರೆ ಮೂಡ್ಲು ಎದ್ದೋಯ್ತದಾ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಉಪ್ಪಿನ ಬಟ್ಟಲು ಎಡಗಡೆ ಇತ್ತು. ಅಷ್ಟಕ್ಕೇ ಅದನ್ನು ಮರೆತೆ.

ಊಟದ ನಂತರ ತೋಟದಲ್ಲಿ ಬಿದ್ದ ಗರಿಯೊಂದರ ಮೇಲೆ ಎದುರುಬದುರು ಕೂತೆವು. ನಾನು ನಿಧಾನವಾಗಿ ಮಾತು ತೆಗೆದೆ. ಅವಳು ನಿಧಾನವಾಗಿ ಬೇರೆ ಮಾತಿಗೆ ಹೊರಳಿದಳು. ದೂರದಲ್ಲಿ ಯಾರೋ ದೋಟಿಯಲ್ಲಿ ಕಾಯಿ ಕೀಳುತ್ತಿದ್ದರು. ಕಾಯಿ ನೆಲಕ್ಕೆ ಬೀಳುವ ಧಪ್ ಸದ್ದು ಬಿಟ್ಟು ಬಿಟ್ಟು ಬರುತ್ತಿತ್ತು.

ಇದ್ದಕ್ಕಿದ್ದಂತೆ ಅವಳು, "ಲೇ, ಇರುವೆ! ನಿನ್ ತೆಂಕ್ಲು ಭುಜದ್ ಮ್ಯಾಲೆ! ಕಟ್ಟಿರುವೆ ಕಣೇ, ಕಚ್ತದೆ, ಹೊಡಿ!" ಎಂದು ಕೂಗಿದಳು.

ನಾನು ಬಲಭುಜಕ್ಕೆ ಫಟ್ಟನೆ ಹೊಡೆದುಕೊಂಡೆ. ಇರುವೆ ಎಡಭುಜವನ್ನು ಕಚ್ಚಿತು.

"ತೆಂಕ್ಲು ಅಂದ್ರೆ ತೆಂಕ್ಲು ತಾನೇ! ಎಂಥಾಳಪ್ಪ ನೀನು!" ಎಂದು ಅವಳು ಎದ್ದು ಬಂದು ಇರುವೆಯನ್ನು ಕಿತ್ತು ಎಸೆದಳು.

ಭುಜ ಉರಿಯುತ್ತಿತ್ತು. ನಾನು ಅದನ್ನು ಉಜ್ಜಿಕೊಳ್ಳುವುದನ್ನೂ ಮರೆತು ಕೂತಿದ್ದೆ. ತೆಂಕಲು, ಅಂದರೆ ದಕ್ಷಿಣದ ಭುಜ. ನಾನು ಎದ್ದು ಹಿಂದಕ್ಕೆ ತಿರುಗಿ ಕೂತಿದ್ದರೆ ಅದೇ ಭುಜ ಬಡಗಲಾಗುತ್ತಿತ್ತು. ನನಗೆ ಎಡ ಎಂಬುದು ನಾನು ತಿರುಗಿದರೆ ನನ್ನ ಜೊತೆಗೇ ತಿರುಗುತ್ತದೆ. ಅವಳ ಮೂಡಲು ಯಾರು ತಿರುಗಿದರೂ ತಿರುಗುವುದಿಲ್ಲ. ಹಾಗಾದರೆ ಮಂಗಳವಾರ ಅವಳು ಬೀಗವನ್ನು ನೋಡಿದ್ದು ಸಾಲಿನ ಎಡತುದಿಯಲ್ಲಲ್ಲ. ಕರಿಹಲಗೆ ಉತ್ತರದ ಗೋಡೆಗಿದೆ, ಹಾಗಾಗಿ ಪಡುವಲ ತುದಿಯಲ್ಲಿ. ಬೆನ್ನು ತಿರುಗಿಸಿ ಇನ್ನೊಂದು ಮೇಜಿಗೆ ಹೋದಾಗಲೂ ಬೀಗವನ್ನು ಪಡುವಲ ತುದಿಗೇ ಇಟ್ಟಿದ್ದಾಳೆ. ನಮ್ಮ ಕಣ್ಣಿಗೆ ಅದು ತಿರುವುಮುರುವು. ಅವಳ ಮಟ್ಟಿಗೆ ಒಂದು ವಸ್ತುವೂ ಜಾಗ ಬದಲಿಸಿಲ್ಲ.

ನನಗೆ ಕೂಗಿ ಕುಣಿಯಬೇಕೆನಿಸಿತು. ಬಾಯಿ ತೆರೆದೂ ಬಿಟ್ಟಿದ್ದೆ. ಆಗ ನೀಲಿ ಅಂಗಿ ನೆನಪಾಯಿತು. ಹೊಳೆದದ್ದು ಎಷ್ಟೇ ಚೆನ್ನಾಗಿದ್ದರೂ ಅದು ಇನ್ನೂ ಸುದ್ದಿಯಲ್ಲ, ಊಹೆ. ಅವಳು ನಿಜಕ್ಕೂ ಸಾಲುಗಳನ್ನು ತಿರುವಿ ನೆನಪಿಟ್ಟುಕೊಳ್ಳುವವಳೂ ಆಗಿರಬಹುದು. ಬೆನ್ನು ತಿರುಗಿಸುವ ಆ ಆಟದಲ್ಲಿ ಎರಡಕ್ಕೂ ಒಂದೇ ಉತ್ತರ ಬರುತ್ತದೆ.

"ಏನೇ, ಇರುವೆ ಕಚ್ಚಿದ್ದಕ್ಕೆ ಮಾತೇ ನಿಂತೋಯ್ತಾ?" ಎಂದಳು.

"ಉರೀತೈತೆ" ಎಂದಷ್ಟೇ ಹೇಳಿದೆ.

ಸಂಜೆಯವರೆಗೂ ಅಲ್ಲೇ ಇದ್ದು ಕಿವಿ ತೆರೆದು ಕೂತೆ. ಕೊಡವನ್ನು ಬಡಗಲು ಗೋಡೆಗೆ ಇಡಬೇಕು. ಕರುವನ್ನು ಮೂಡಲು ಗೂಟಕ್ಕೆ ಕಟ್ಟಬೇಕು. ಮಂಚದ ಮೇಲಿನ ಬಟ್ಟೆಯಲ್ಲಿ ಪಡುವಲಾಗಿರುವುದು ಒಗೆದದ್ದು, ಮೂಡಲಾಗಿರುವುದು ಒಗೆಯಬೇಕಾದದ್ದು. ಎಡ ಎಂಬ ಮಾತು ನನ್ನ ಕಿವಿಗೆ ಬಿದ್ದದ್ದು ಹೊರಡುವಾಗ, ಅಜ್ಜಿ ಎಲೆ ಅಡಿಕೆ ಕೊಡುವಾಗ ನಾನು ಮರೆತು ಎಡಗೈ ಚಾಚಿದಾಗ ಮಾತ್ರ. ಎಡ, ಬಲ ಅಲ್ಲಿ ಕೈಗಳಿಗಷ್ಟೇ ಇದ್ದವು. ಸಾಮಾನುಗಳಿಗೆ ಇರಲಿಲ್ಲ.

ಬಸ್ಸಿನಿಂದಲೇ ಮೇಡಂಗೆ ಫೋನ್ ಮಾಡಿದೆ. ಅವರು ಮನೆ ಕಡೆಯ ರೈಲಿನಲ್ಲಿದ್ದರು. ಎರಡು ಸಲ ಕಡಿದುಹೋಯಿತು. ಮೂರನೇ ಸಲ ನಾನು ಒಂದೇ ಉಸಿರಿಗೆ ಉಪ್ಪು, ಇರುವೆ, ಕೊಡ, ಕರು ಎಲ್ಲ ಒಪ್ಪಿಸಿದೆ. ಮತ್ತೆ ಕಡಿದುಹೋಯಿತೇ ಎಂದು ಫೋನ್ ನೋಡಿದೆ.

"ಮೇಡಂ? ಇದ್ದೀರಾ?"

"ಇದ್ದೀನಿ, ಇದ್ದೀನಿ." ಅವರ ದನಿ ಬದಲಾಗಿತ್ತು. "ದೂರದ ಯಾವುದೋ ಊರಿನ ಜನ ಹೀಗೆ ಅಂತ ಎಲ್ಲೋ ಓದಿದ್ದೆ. ನನ್ನ ಕ್ಲಾಸಲ್ಲೇ, ನನ್ನ ಮೇಜಿನ ಮೇಲೇ... ಅಯ್ಯೋ, ನಾನು ‘ಪರವಾಗಿಲ್ಲ ಬಿಡು’ ಅಂದ್ಬಿಟ್ಟೆ ಅವಳಿಗೆ." ತಕ್ಷಣ, "ಅವಳಿಗೆ ಹೇಳಿದ್ಯಾ?" ಎಂದರು.

"ಇಲ್ಲ ಮೇಡಂ."

"ಹೇಳ್ಬೇಡ. ಹೇಳಿದ್ರೆ ಆಮೇಲೆ ಅವಳು ಯೋಚನೆ ಮಾಡಿ ಇಡ್ತಾಳೆ. ನಮಗೆ ಯೋಚನೆ ಮಾಡದೆ ಇಟ್ಟಿದ್ದು ಬೇಕು. ಬೆನ್ನು ತಿರುಗಿಸೋದು ಬೇಡ, ಈ ಸಲ ಪಕ್ಕಕ್ಕೆ ತಿರುಗ್ಸೋಣ."

ಪಕ್ಕಕ್ಕೆ ತಿರುಗಿಸುವುದರ ಲೆಕ್ಕ ಸುಲಭ. ಮೊದಲ ಮೇಜಿನ ಮುಂದೆ ಬಡಗಲಿಗೆ ಮುಖ ಮಾಡಿ ನಿಂತು ಸಾಲನ್ನು ನೋಡಬೇಕು. ಬೀಗ ಪಡುವಲ ತುದಿ, ಡಸ್ಟರು ಮೂಡಲ ತುದಿ. ಆಮೇಲೆ ಮೂಡಲಿಗೆ ತಿರುಗಿ ಎರಡನೇ ಮೇಜಿನ ಮೇಲೆ ಜೋಡಿಸಬೇಕು. ಸಾಲುಗಳನ್ನು ತಿರುವಿ ನೆನಪಿಡುವವಳಾದರೆ ಡಸ್ಟರನ್ನು ಎಡಕ್ಕೆ, ಬೀಗವನ್ನು ಬಲಕ್ಕೆ ಅಡ್ಡಸಾಲಾಗಿ ಇಡುತ್ತಾಳೆ. ದಿಕ್ಕಿನಲ್ಲಿ ನೆನಪಿಡುವವಳಾದರೆ ಸಾಲು ಅಡ್ಡವಾಗಿರುವುದೇ ಇಲ್ಲ. ಬೀಗ ಅವಳ ಹೊಟ್ಟೆಗೆ ಹತ್ತಿರ, ಡಸ್ಟರು ಮೇಜಿನ ಆಚೆ ತುದಿಗೆ. ಗಡಿಯಾರದ ಹನ್ನೆರಡು, ಆರರ ಹಾಗೆ ಉದ್ದಕ್ಕೆ ಬರುತ್ತದೆ. ಪೇಟೆಯಲ್ಲಿ ಬೆಳೆದ ಯಾರೂ ತಪ್ಪಿಯೂ ಹಾಗೆ ಇಡುವುದಿಲ್ಲ.

ಶುಕ್ರವಾರ ಅವಳಿಂದ ಸಂದೇಶ ಬಂತು: ‘ನಾಳೆ ಮೇಡಂ ಹತ್ರ ಸೈನ್ ಹಾಕಿಸ್ಕೊಂಡು ಆಫೀಸಿಗೆ ಕೊಡ್ತೀನಿ. ನೀನು ಬೇರೆ ಪಾರ್ಟ್ನರ್ ನೋಡ್ಕೋ. ಬೇಜಾರ್ ಮಾಡ್ಕೋಬೇಡ.’

‘ನಿನ್ನ ತಲೆ ಸರಿಯಾಗೇ ಇದೆ ಕಣೇ’ ಎಂದು ಬರೆದೆ. ಅಳಿಸಿದೆ. ಒಂದು ಸಾಲು ಕಳಿಸಿದ್ದರೆ ಅವಳು ಆ ಕ್ಷಣವೇ ಹಗುರಾಗುತ್ತಿದ್ದಳು. ಆದರೆ ನನ್ನ ಊಹೆ ತಪ್ಪಾಗಿದ್ದರೆ? ಸುಳ್ಳು ಸಮಾಧಾನ ಹೇಳಿ, ಶನಿವಾರ ಅದೇ ಮೇಜಿನ ಮುಂದೆ ಅವಳನ್ನು ಎರಡನೇ ಸಲ ಬೀಳಿಸಿದ ಹಾಗಾಗುತ್ತಿತ್ತು. ‘ಬಾ, ನೋಡೋಣ’ ಎಂದು ಕಳಿಸಿ ಫೋನನ್ನು ದಿಂಬಿನ ಕೆಳಗೆ ತುರುಕಿದೆ.

ಶನಿವಾರ ನಮ್ಮ ಕೊಠಡಿಯಲ್ಲಿ ಯಾವುದೋ ಪರೀಕ್ಷೆ ಇದ್ದುದರಿಂದ ಮೇಡಂಗೆ ಹೊಸ ಕಟ್ಟಡದ ಸೆಮಿನಾರ್ ಹಾಲ್ ಸಿಕ್ಕಿತು. ಅಲ್ಲಿಗೆ ಹೋಗಲು ಸುತ್ತಿ ಸುತ್ತಿ ಮೆಟ್ಟಿಲು ಹತ್ತಬೇಕು, ಕಾರಿಡಾರಿನಲ್ಲಿ ಎರಡು ಸಲ ತಿರುಗಬೇಕು. ಪ್ರೊಜೆಕ್ಟರ್‌ಗಾಗಿ ದಪ್ಪ ಪರದೆ ಎಳೆದಿದ್ದರು. ಒಳಗೆ ಟ್ಯೂಬ್‌ಲೈಟು ಮಾತ್ರ. ಮೇಡಂ ಮೊಬೈಲಿನ ದಿಕ್ಸೂಚಿ ನೋಡಿ ಎರಡು ಮೇಜುಗಳನ್ನು ಇಟ್ಟರು. ಎಲ್ಲರೂ ಹೊರಗೆ ನಿಲ್ಲಬೇಕು, ಕರೆದಾಗ ಒಬ್ಬೊಬ್ಬರೇ ಬರಬೇಕು ಎಂದರು. ಮಂಗಳವಾರ ಒಬ್ಬರನ್ನು ನೋಡಿ ಒಬ್ಬರು ಮಾಡಿದ್ದೆವು ಎಂಬುದು ಅವರಿಗೂ ಹೊಳೆದಿತ್ತು. ಬರೆದುಕೊಳ್ಳುವುದಕ್ಕೆ ನಾನು ಮೂಲೆಯಲ್ಲಿ ಕೂತೆ.

ಮೊದಲು ಬಾಯಾಳಿ ಬಂದ. ಪಕ್ಕಕ್ಕೆ ತಿರುಗಿ, ಎಡದಿಂದ ಬಲಕ್ಕೆ ಬೀಗ, ಬಾಚಣಿಗೆ, ನಿಂಬೆಹಣ್ಣು, ಡಸ್ಟರು ಎಂದು ಅಡ್ಡಸಾಲು ಮಾಡಿದ. "ಇದನ್ನೇ ಎಷ್ಟ್ ಸಲ ಮಾಡ್ಸ್ತೀರಾ ಮೇಡಂ, ಆ ನಿಂಬೆಹಣ್ಣು ಒಣಗೋಗ್ತೈತೆ" ಎಂದು ಗೊಣಗುತ್ತಾ ಒಂದು ಕಡೆ ನಿಂತ.

ಮೇಡಂ ವಸ್ತುಗಳನ್ನು ಮತ್ತೆ ಗುಡ್ಡೆ ಹಾಕಿದ ಮೇಲೆ ಅವಳು ಬಂದಳು. ಕೈಯಲ್ಲಿ ಬದಲಾವಣೆಯ ಅರ್ಜಿ.

"ಸೈನ್ ಹಾಕ್ತೀನಿ. ಅದಕ್ಕೆ ಮೊದ್ಲು ಒಂದ್ಸಲ ಇದನ್ನ ಮಾಡ್ಬಿಡು" ಎಂದರು ಮೇಡಂ.

ಅವಳು ನನ್ನ ಕಡೆ ಒಂದು ನೋಟ ಎಸೆದಳು. ಇದಕ್ಕಾ ನನ್ನನ್ನು ‘ಬಾ’ ಅಂದಿದ್ದು ಎಂಬ ನೋಟ. ಮೊದಲ ಮೇಜಿಗೆ ಹೋಗಿ ಸಾಲನ್ನು ನೋಡಿದಳು. ಕಣ್ಣು ಮುಚ್ಚಿದಳು. ಪಕ್ಕಕ್ಕೆ ತಿರುಗಿದಳು. ಬೀಗ ಎತ್ತಿಕೊಂಡಳು.

ಅಲ್ಲೇ ನಿಂತಳು. ಮಂಗಳವಾರ ಚಕಚಕ ಓಡಿದ್ದ ಕೈ ಈಗ ಗಾಳಿಯಲ್ಲೇ ಉಳಿಯಿತು. ಬೀಗವನ್ನು ಇಡಲು ಹೋಗಿ ಹಿಂದಕ್ಕೆ ತೆಗೆದಳು. ತಲೆ ಎತ್ತಿ ಗೋಡೆ ನೋಡಿದಳು, ಛಾವಣಿ ನೋಡಿದಳು. ಆಮೇಲೆ ಬೀಗ ಹಿಡಿದುಕೊಂಡೇ ಮೇಜು ಬಿಟ್ಟು ಕಿಟಕಿಯ ಕಡೆ ನಡೆದಳು. ನಮಗೆ ಬೆನ್ನು ಮಾಡಿ ನಿಂತಳು. ಅಳುತ್ತಿದ್ದಾಳೆ ಎಂದುಕೊಂಡೆ. ಮೇಡಂ ಕೂಡ ಹಾಗೇ ಅಂದುಕೊಂಡರೆಂದು ಕಾಣುತ್ತದೆ, ಒಂದು ಹೆಜ್ಜೆ ಮುಂದಿಟ್ಟರು.

ಅವಳು ಪರದೆಯ ಅಂಚನ್ನು ಎತ್ತಿ ಹೊರಗೆ ಬಗ್ಗಿ ನೋಡಿದಳು. ಒಂದು ಪಟ್ಟಿ ಬಿಸಿಲು ಒಳಗೆ ಬಿತ್ತು. ಪರದೆ ಬಿಟ್ಟಳು, ಸೀದಾ ಬಂದಳು. ಬೀಗವನ್ನು ತನ್ನ ಹತ್ತಿರದ ಅಂಚಿಗೆ ಇಟ್ಟಳು. ಅದರಾಚೆ ಬಾಚಣಿಗೆ, ಅದರಾಚೆ ನಿಂಬೆಹಣ್ಣು. ಡಸ್ಟರು ಇಡಲು ಮೇಜಿನ ಮೇಲೆ ಪೂರ್ತಿ ಬಾಗಿ ಕೈ ಚಾಚಬೇಕಾಯಿತು. ಚಾಚಿ ಇಟ್ಟಳು.

ಉದ್ದಕ್ಕೆ. ಹನ್ನೆರಡು, ಆರರ ಹಾಗೆ.

ಬಾಯಾಳಿ ಮುಂದೆ ಬಂದು ಮೇಜಿನ ಮೇಲೆ ಬಗ್ಗಿ ನೋಡಿದ. ಮೇಡಂ ಅವಳ ಪಕ್ಕಕ್ಕೆ ಬಂದರು.

"ಕಿಟಕಿಗೆ ಯಾಕೆ ಹೋದೆ?"

"ಮೂಡ್ಲು ಯಾವ ಕಡೆ ಅಂತ ನೋಡ್ಬೇಕಿತ್ತು ಮೇಡಂ. ಈ ರೂಮಿಗೆ ಸುತ್ತಾಡಿಸ್ಕಂಡ್ ಬಂದು ದಿಕ್ಕೇ ತಪ್ಪೋಗಿತ್ತು."

"ಅದು ಯಾಕೆ ಬೇಕಿತ್ತು?"

ಅವಳು ಮೇಡಂ ಮುಖವನ್ನೂ ಮೇಜನ್ನೂ ಬದಲಿಸಿ ಬದಲಿಸಿ ನೋಡಿದಳು. ಪ್ರಶ್ನೆಯೇ ಅರ್ಥವಾಗಿರಲಿಲ್ಲ. "ಅದಿಲ್ದೆ ಹೆಂಗೆ ಇಡೋದು ಮೇಡಂ?"

ಮೇಡಂ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. ನಗುತ್ತಿದ್ದರು. "ನೀನು ಮಂಗಳವಾರ ಒಂದೂ ತಪ್ಪು ಮಾಡಿಲ್ಲಮ್ಮ. ನಾನು ಕೇಳಿದ ಪ್ರಶ್ನೆಗೆ ಎರಡು ಸರಿ ಉತ್ತರ ಇದ್ವು. ನನಗೆ ಒಂದೇ ಗೊತ್ತಿತ್ತು" ಎಂದು, ಬಾಯಾಳಿ ಇಟ್ಟದ್ದು ಹೇಗೆ, ಅವಳು ಇಟ್ಟದ್ದು ಹೇಗೆ ಎಂದು ಎರಡು ಮೇಜುಗಳ ನಡುವೆ ತಾವೇ ನಿಂತು ತಿರುಗಿ ತಿರುಗಿ ತೋರಿಸಿದರು. ಅವಳು ಕೇಳುತ್ತಾ ಕೇಳುತ್ತಾ ಒಂದು ಸಲ ಎಡಗೈ ನೋಡಿಕೊಂಡಳು, ಒಂದು ಸಲ ಕಿಟಕಿ ನೋಡಿದಳು.

"ಹಂಗಾರೆ ನೀವೆಲ್ಲ ತಿರುಗಿದ್ರೆ ನಿಮ್ ಜೊತೆ ಸಾಮಾನೂ ತಿರುಗ್ತದಾ?" ಎಂದು ಬಾಯಾಳಿಯನ್ನು ಕೇಳಿದಳು. ಅದರಲ್ಲಿ ವ್ಯಂಗ್ಯ ಇರಲಿಲ್ಲ. ನಿಜವಾಗಿಯೂ ಆಶ್ಚರ್ಯಪಟ್ಟಿದ್ದಳು.

"ತಿರುಗ್ತದಪ್ಪ. ಎಲ್ರಿಗೂ ತಿರುಗ್ತದೆ ಅಂದ್ಕಂಡಿದ್ದೆ" ಎಂದ ಅವನು. ಆ ದಿನ ಅವನಾಡಿದ ಏಕೈಕ ಗಂಭೀರ ಮಾತು.

ಆಮೇಲೆ ಅವಳಿಗೆ ನನ್ನ ನೆನಪಾಯಿತು. "ಲೇ! ನಿನಗೆ ಗುರುವಾರಾನೇ ಗೊತ್ತಾಗಿತ್ತಾ? ಇರುವೆ ಕಚ್ಚಿದಾಗ?"

"ಗೊತ್ತಾಗಿರ್ಲಿಲ್ಲ. ಅನುಮಾನ ಇತ್ತು."

"ಅನುಮಾನ ಇಟ್ಕಂಡು ಬಾಯಿ ಮುಚ್ಕಂಡ್ ಕೂತಿದ್ದೀಯಲ್ಲೇ ಪಾಪಿ! ಎರಡು ದಿನ ನಾನು ಊಟ ಮಾಡಿಲ್ಲ!"

"ಗುರುವಾರ ಎರಡು ಮುದ್ದೆ ಉಂಡ್ಯಲ್ಲೇ ನನ್ನ ಮುಂದೇನೇ."

"ಅದು ಅಜ್ಜಿ ಬಲವಂತಕ್ಕೆ ಕಣೇ" ಎಂದು ನನ್ನ ಬೆನ್ನಿಗೆ ಒಂದು ಗುದ್ದು ಗುದ್ದಿದಳು. ಅವಳ ಕಣ್ಣುಗಳು ತುಂಬಿದ್ದವು, ಬಾಯಿ ನಗುತ್ತಿತ್ತು.

ಹೊರಗಿದ್ದವರು ಬಾಗಿಲು ಬಡಿಯಲು ಶುರು ಮಾಡಿದರು. ಮುಂದಿನವರನ್ನು ಒಳಗೆ ಬಿಡುವ ಕೆಲಸವನ್ನು ಅವಳೇ ತೆಗೆದುಕೊಂಡಳು. ಕಿಬ್ಬನಹಳ್ಳಿಯ ಹುಡುಗ ಬಂದು ಅವಳ ಹಾಗೆಯೇ ಉದ್ದಕ್ಕೆ ಇಟ್ಟು, "ಹಿಂಗೇ ತಾನೇ ಇದ್ದಿದ್ದು?" ಎಂದ. ಮಂಗಳವಾರ ಅವನು ನಮ್ಮ ಹಾಗೆ ಜೋಡಿಸಿದ್ದ. ಯಾಕೆಂದು ಕೇಳಿದರೆ, "ಎಲ್ರೂ ಹಂಗ್ ಇಡ್ತಿದ್ರಲ್ಲ ಮೇಡಂ, ನಾನೂ ಇಟ್ಟೆ. ಯಾಕೆ ಬೇಕು ಊರುಸಾಬರಿ ಅಂತ" ಎಂದ. ನಾನು ಖುಷಿಯಲ್ಲಿ ಇನ್ನು ಬರುವ ಹಳ್ಳಿಯವರೆಲ್ಲ ಹೀಗೇ ಇಡುತ್ತಾರೆ ಎಂದು ಮನಸ್ಸಿನಲ್ಲೇ ಬರೆದುಕೊಂಡೂ ಬಿಟ್ಟೆ. ಕಂದಿಕೆರೆಯ ಹುಡುಗಿ ಬಂದಳು. ಅವರದೂ ತೋಟದ ಮನೆಯೇ. ಅವಳು ಬಾಯಾಳಿಯ ಹಾಗೆ ಎಡದಿಂದ ಬಲಕ್ಕೆ ಅಡ್ಡಸಾಲು ಇಟ್ಟು ಹೋದಳು. ತುರುವೇಕೆರೆಯವನೊಬ್ಬ ಮೊದಲ ಸಲ ಉದ್ದಕ್ಕೆ, ಎರಡನೇ ಸಲ ಅಡ್ಡಕ್ಕೆ ಇಟ್ಟ.

ನನ್ನ ಮುಖ ನೋಡಿ ಮೇಡಂ, "ಅದನ್ನೂ ಬರ್ಕೋ. ನಮಗೆ ಬೇಕಾದ್ದು ಮಾತ್ರ ಬರ್ಕೊಂಡ್ರೆ ಇದು ಯಾವ ಪ್ರಯೋಗ?" ಎಂದರು. ಬರೆದುಕೊಂಡೆ. ಪತ್ರಿಕೋದ್ಯಮದ ಪಾಠದಲ್ಲಿ ಇದೇ ಮಾತನ್ನು ಬೇರೆ ರೀತಿಯಲ್ಲಿ ಕೇಳಿದ್ದೆ. ಆಗ ಅದು ನಿಯಮವಾಗಿತ್ತು. ಅವತ್ತು ಅದರ ರುಚಿ ಗೊತ್ತಾಯಿತು. ಉತ್ತರ ಒಡೆದು ಚೂರಾದಷ್ಟೂ ಹೊಸ ಪ್ರಶ್ನೆ ಹುಟ್ಟುತ್ತಿತ್ತು. ಮನೆಯಲ್ಲಿ ಅಜ್ಜಿ ಇರುವವರು ಹೇಗೆ ಇಡುತ್ತಾರೆ? ಹಾಸ್ಟೆಲಿನಲ್ಲಿ ಬೆಳೆದವರು? ಪಕ್ಕದ ಕೊಠಡಿಯ ಅರ್ಥಶಾಸ್ತ್ರದ ಮೇಷ್ಟ್ರು? ಹಾಲಿನಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಮುಗಿಸಿದವರು ಯಾರೂ ಮನೆಗೆ ಹೋಗಲಿಲ್ಲ.

ಶನಿವಾರ ಮಧ್ಯಾಹ್ನಕ್ಕೇ ಆಫೀಸು ಮುಚ್ಚುತ್ತಾರೆ. ಹಳೇ ಕಟ್ಟಡದ ಕಡೆಯಿಂದ ಕೌಂಟರಿನ ಶಟರ್ ಎಳೆದ ಸದ್ದು ಕಾರಿಡಾರಿನವರೆಗೂ ಕೇಳಿಸಿತು. ನಾನು ಅವಳ ಕಡೆ ನೋಡಿದೆ. ಅವಳು ಅಟೆಂಡರ್ ಅವರನ್ನು ಮೊದಲ ಮೇಜಿನ ಮುಂದೆ ನಿಲ್ಲಿಸಿ, ಮೇಡಂ ಧಾಟಿಯಲ್ಲೇ ನಿಯಮ ಹೇಳುತ್ತಿದ್ದಳು.

"ಆಫೀಸ್ ಮುಚ್ಚಿದ್ರು ಕಣೇ" ಎಂದೆ.

"ಕೇಳಿಸ್ತು" ಎಂದಳು ತಿರುಗಿ ನೋಡದೆ. "ಮಾತಾಡ್ಬೇಡ, ಅಣ್ಣ ಕಣ್ಣು ಮುಚ್ಚಿದ್ದಾರೆ."